ಅಮೆರಿಕಕ್ಕೆ ಹೊರಟ ನಮ್ಮ ಕಡೆಯವರಿಗೆ: ಕೆಲಸದ ಜಾಗ ಮತ್ತು ಪಿಸ್ತೂಲಿನ ವಿಷಯ

ಹೋದ ಸಲ ರಜೆಗೆ ಬಳ್ಳಾರಿಗೆ ಬಂದಿದ್ದಾಗ ಸಿರುಗುಪ್ಪದ ಒಬ್ಬ ಹುಡುಗ ಅಪ್ಪನ ಜೊತೆ ಕೌಲ್ ಬಜಾರಿನ ನಮ್ಮ ಮನೆಗೆ ಬಂದ. ಎಂಎಸ್ ಓದೋಕೆ ಟೆಕ್ಸಾಸ್‌ಗೆ ಹೊರಟಿದ್ದ. ಬಾಡಿಗೆ ಎಷ್ಟು, ಜೋಳದ ಹಿಟ್ಟು ಸಿಗುತ್ತಾ, ಕುಕ್ಕರ್ ಒಯ್ಯಬೇಕಾ ಅಂತ ಎಲ್ಲ ಕೇಳಿದ. ಅಪ್ಪ ಕೈ ತೊಳೆಯೋಕೆ ಎದ್ದದ್ದೇ ತಡ, ದನಿ ತಗ್ಗಿಸಿ ಕೇಳಿದ: "ಅಣ್ಣಾ, ಅಲ್ಲಿ ರಾತ್ರಿ ಪಾಳಿ ಮಾಡೋರು ಸೊಂಟದಾಗ ಪಿಸ್ತೂಲು ಇಟ್ಕೋತಾರಂತಲ್ಲ, ನಾನೂ ಒಂದು ತಗೊಳ್ಳೋದಾ?"

ಇದೇ ಪ್ರಶ್ನೆಯನ್ನು ಸಿಂಧನೂರಿನವರೂ ಗಂಗಾವತಿಯವರೂ ಕೇಳಿದ್ದಾರೆ. ನಾನು ಡಲ್ಲಾಸ್ ಹತ್ತಿರ ಪೆಟ್ರೋಲ್ ಬಂಕಿನ ಅಂಗಡಿ ನಡೆಸುತ್ತೇನೆ, ಅಲ್ಲಿ ಅದಕ್ಕೆ ಗ್ಯಾಸ್ ಸ್ಟೇಷನ್ ಅಂತಾರೆ. ಅಲ್ಲಿನ ಪೌರತ್ವ ಸಿಕ್ಕಿದೆ. ಕೌಂಟರ್‌ನಲ್ಲಿ ನಿಂತಿರುವಾಗ ಅಂಗಿಯೊಳಗೆ ಪಿಸ್ತೂಲು ಇರುತ್ತದೆ, ಲೈಸೆನ್ಸ್ ಪರ್ಸಿನಲ್ಲಿರುತ್ತದೆ. ಇಟ್ಟುಕೊಂಡವನಾಗಿಯೇ ಹೇಳುತ್ತಿದ್ದೇನೆ, ಹೊಸದಾಗಿ ಬರುವ ನೀವು ಅದನ್ನು ಮುಟ್ಟಬೇಡಿ.

ಕಾರಣ ವೀಸಾ. ಓದೋಕೆ ಬರುವವರ ಎಫ್-1, ಕೆಲಸಕ್ಕೆ ಬರುವವರ ಎಚ್-1ಬಿ ಮತ್ತು ಎಲ್-1, ಎಚ್-1ಬಿಯವರ ಹೆಂಡತಿ ಅಥವಾ ಗಂಡ, ಮಕ್ಕಳ ಎಚ್-4, ಇವೆಲ್ಲ ತಾತ್ಕಾಲಿಕ ವೀಸಾಗಳು. ಇವುಗಳ ಮೇಲೆ ಬಂದವರು ಬಂದೂಕು ಇಟ್ಟುಕೊಳ್ಳುವಂತಿಲ್ಲ, ಒಂದು ಗುಂಡು ಕೂಡ ಇಟ್ಟುಕೊಳ್ಳುವಂತಿಲ್ಲ ಅಂತ ಅಮೆರಿಕದ ಕೇಂದ್ರ ಕಾನೂನೇ ಹೇಳುತ್ತದೆ. "ಟೆಕ್ಸಾಸ್‌ನಲ್ಲಿ ಲೈಸೆನ್ಸೇ ಬೇಡವಂತೆ" ಅಂತ ವಿಡಿಯೊ ನೋಡಿ ಬರುವವರು ಜಾಸ್ತಿ. 2021ರ ಸೆಪ್ಟೆಂಬರ್ 1ರಿಂದ 21 ತುಂಬಿದವರು ಲೈಸೆನ್ಸ್ ಇಲ್ಲದೆಯೂ ಪಿಸ್ತೂಲು ಒಯ್ಯಬಹುದು ಅನ್ನೋದು ನಿಜ. ಆದರೆ ಕಾನೂನಿನ ಪ್ರಕಾರ ಬಂದೂಕು ಇಟ್ಟುಕೊಳ್ಳಲು ಅರ್ಹರಾದವರಿಗೆ ಮಾತ್ರ ಆ ಸಡಿಲಿಕೆ. ರಾಜ್ಯ ಎಷ್ಟೇ ಸಡಿಲ ಬಿಟ್ಟರೂ ಕೇಂದ್ರದ ಕಾನೂನು ನಿಮ್ಮ ತಲೆ ಮೇಲೆ ಇದ್ದೇ ಇರುತ್ತದೆ. ತಪ್ಪಿದರೆ 15 ವರ್ಷದವರೆಗೆ ಜೈಲು, 2022ಕ್ಕೆ ಮುಂಚೆ ಇದು 10 ವರ್ಷ ಇತ್ತು. ಜೈಲು ಮುಗಿಸಿದ ಮೇಲೆ ಗಡೀಪಾರು ಬೇರೆ. ಅಪ್ಪ ಹೊಲ ಅಡ ಇಟ್ಟು ಕಳಿಸಿರುತ್ತಾರೆ, ಅಲ್ವಾ? ಬೇಟೆ ಲೈಸೆನ್ಸ್ ಇದ್ದವರಿಗೆ ಒಂದು ವಿನಾಯಿತಿ ಇದೆ, ಅದನ್ನು ಹಿಡಿದು "ಹಾಗಾದರೆ ನಾನೂ ತಗೋತೀನಿ" ಅನ್ನುವವರು ಇದ್ದಾರೆ. ವಕೀಲರನ್ನು ಕೇಳದೆ ಆ ದಾರಿ ಹಿಡಿಯಬೇಡಿ.

ಕೊಳ್ಳದಿದ್ದರೆ ಸಾಕು ಅಂತಲೂ ಇಲ್ಲ. ವಾರದ ಕೊನೆಗೆ ಗೆಳೆಯರು ಶೂಟಿಂಗ್ ರೇಂಜಿಗೆ ಕರೀತಾರೆ, ಬಾಡಿಗೆ ಪಿಸ್ತೂಲು ಹಿಡಿದು ನಾಲ್ಕು ಗುಂಡು ಹಾರಿಸಿ ಫೋಟೊ ಹಾಕ್ತಾರೆ. ಸ್ವಲ್ಪ ಹೊತ್ತು ಕೈಯಲ್ಲಿ ಹಿಡಿದರೂ ಅದು ನಿಮ್ಮ ವಶದಲ್ಲಿದ್ದ ಹಾಗೇ. ರೆಹೈಫ್ ಅನ್ನೋ ಹುಡುಗ ಸ್ಟೂಡೆಂಟ್ ವೀಸಾದಲ್ಲಿ ಬಂದು, ಓದಿನಲ್ಲಿ ಹಿಂದೆ ಬಿದ್ದು ಕಾಲೇಜಿನಿಂದ ಹೊರಬಿದ್ದ ಮೇಲೂ ಫ್ಲೋರಿಡಾದಲ್ಲೇ ಉಳಿದಿದ್ದ. ಅವನು ಮಾಡಿದ್ದು ರೇಂಜಿನಲ್ಲಿ ಗುಂಡು ಹಾರಿಸಿದ್ದು, ಉಳಿದ ಗುಂಡುಗಳನ್ನು ಹೋಟೆಲ್ ರೂಮಿನಲ್ಲಿ ಇಟ್ಟುಕೊಂಡಿದ್ದು, ಅಷ್ಟೇ. ಯಾರಿಗೂ ಏನೂ ಆಗಲಿಲ್ಲ. ಆದರೂ 18 ತಿಂಗಳ ಶಿಕ್ಷೆಯಾಯಿತು. 2019ರಲ್ಲಿ ಸುಪ್ರೀಂ ಕೋರ್ಟು, ತನಗೆ ಅಲ್ಲಿರುವ ಹಕ್ಕಿಲ್ಲ ಅನ್ನೋದು ಅವನಿಗೆ ಗೊತ್ತಿತ್ತು ಅಂತ ಸರ್ಕಾರ ತೋರಿಸಬೇಕು ಅಂದಿತು. ಅಲ್ಲಿವರೆಗೆ ಅವನ ವರ್ಷಗಳು ಕೋರ್ಟಿಗೇ ಹೋಗಿದ್ದವು.

ರೂಮ್‌ಮೇಟ್ ಹತ್ತಿರ ಬಂದೂಕು ಇದ್ದರೆ ಅದನ್ನು ಪೆಟ್ಟಿಗೆಯಲ್ಲಿಟ್ಟು ಬೀಗ ಹಾಕಲು ಹೇಳಿ. ಬೀಗದ ಕೈ ನಿಮ್ಮ ಕೈಗೆ ಸಿಗಬಾರದು, ನಂಬರ್ ನಿಮಗೆ ಗೊತ್ತಿರಬಾರದು. "ಸುಮ್ನೆ ಸ್ವಲ್ಪ ಹಿಡ್ಕೋ" ಅಂದರೂ ಹಿಡಿಯಬೇಡಿ.

ಇನ್ನು ಆ ರಾತ್ರಿ ಪಾಳಿ. ಎಫ್-1 ವಿದ್ಯಾರ್ಥಿ ಬಂಕಿನಲ್ಲಿ ಕೈಕಾಸಿಗೆ ಕೆಲಸ ಮಾಡುವುದೇ ವೀಸಾ ನಿಯಮ ಮುರಿದಂತೆ. ಕ್ಲಾಸು ನಡೆಯುವಾಗ ಕ್ಯಾಂಪಸ್ ಒಳಗೆ ವಾರಕ್ಕೆ 20 ಗಂಟೆ ಮಾಡಬಹುದು, ಅಲ್ಲಿ ಹುಡುಕಿ. ನನ್ನ ಅಂಗಡಿಗೂ ನಮ್ಮ ಊರಿನ ಹುಡುಗರು ಕೆಲಸ ಕೇಳಿಕೊಂಡು ಬರುತ್ತಾರೆ. ಊಟ ಹಾಕಿ ಕಳಿಸುತ್ತೇನೆ, ಕೆಲಸ ಮಾತ್ರ ಕೊಡುವುದಿಲ್ಲ. ಬೈದುಕೊಂಡು ಹೋದವರೂ ಇದ್ದಾರೆ.

ಕೆಲಸದ ಪರ್ಮಿಟ್ ಇದ್ದು ಕೌಂಟರ್‌ನಲ್ಲಿ ನಿಲ್ಲುವವರಿಗೆ ಒಂದು ಮಾತು. ನಿಮ್ಮನ್ನು ಕಾಯೋದು ಪಿಸ್ತೂಲಿಗಿಂತ ಮೊದಲು ಗಲ್ಲಾ. ಗಲ್ಲಾದಲ್ಲಿ ಹಣ ಕಮ್ಮಿ ಇಡಿ. ನೋಟು ಸೇರಿದ ಹಾಗೆ ಡ್ರಾಪ್ ಸೇಫ್ ಅನ್ನೋ ತಿಜೋರಿಯ ಸಂದಿಯಲ್ಲಿ ಹಾಕುತ್ತಾ ಹೋಗಿ, ನೌಕರ ಅದನ್ನು ತೆಗೆಯಲಾರ ಅಂತ ಬಾಗಿಲ ಮೇಲೆ ಬರೆದಿರಲಿ. ಗಾಜಿನ ಮೇಲೆ ಪೋಸ್ಟರ್ ಅಂಟಿಸಿ ಒಳಗಿನದು ಹೊರಗೆ ಕಾಣದ ಹಾಗೆ ಮಾಡಬೇಡಿ. ಬಾಗಿಲ ಪಕ್ಕದಲ್ಲಿ ಎತ್ತರದ ಗುರುತಿನ ಪಟ್ಟಿ ಇರುತ್ತದಲ್ಲ, ಅದು ಓಡಿಹೋಗುವವನ ಎತ್ತರ ಎಷ್ಟು ಅಂತ ಆಮೇಲೆ ಪೊಲೀಸರಿಗೆ ಹೇಳೋಕೆ.

ನನ್ನ ಅಂಗಡಿಗೂ ಒಬ್ಬ ಬಂದಿದ್ದ. ನಡುರಾತ್ರಿ ದಾಟಿತ್ತು, ತಲೆ ಮೇಲೆ ಹುಡ್, ಬಲಗೈ ಜೇಬಿನೊಳಗೆ, ಬಾಯಿ ಒಣಗಿ ಮಾತೇ ಸರಿಯಾಗಿ ಹೊರಡುತ್ತಿರಲಿಲ್ಲ ಅವನಿಗೆ. ನನ್ನ ಸೊಂಟದಲ್ಲಿ ಪಿಸ್ತೂಲಿತ್ತು. ಅವನ ಹಿಂದೆ ಕಾಫಿ ಮಷಿನ್ ಹತ್ತಿರ ದಿನಾ ಬರುವ ಒಬ್ಬ ಅಜ್ಜಿ ಕಪ್ಪಿಗೆ ಮುಚ್ಚಳ ಒತ್ತುತ್ತಿದ್ದರು, ಕಿವಿ ಮಂದ, ಅವರಿಗೆ ಏನೂ ಗೊತ್ತಿಲ್ಲ. ನಾನು ಹಾರಿಸಿ ಗುರಿ ತಪ್ಪಿದ್ದರೆ ಗುಂಡು ಅತ್ತಲೇ ಹೋಗುತ್ತಿತ್ತು. ಚಿಪ್ಸ್ ಪಾಕೀಟಿನ ಸ್ಟ್ಯಾಂಡು ಗುಂಡು ತಡೆಯುತ್ತಾ? ಎರಡೂ ಕೈ ಕಾಣುವ ಹಾಗೆ ಇಟ್ಟುಕೊಂಡು ಗಲ್ಲಾ ತೆಗೆದು 60 ಡಾಲರೋ 70 ಡಾಲರೋ ಇದ್ದದ್ದನ್ನು ಅವನ ಮುಂದಿಟ್ಟೆ. ಬಾಚಿಕೊಂಡು ಓಡಿದ. ಅಜ್ಜಿ ಬಂದು ಕಾಫಿಗೆ ಚಿಲ್ಲರೆ ಎಣಿಸಿದರು. ಪಿಸ್ತೂಲು ತೆಗೆಯದೆ ಇದ್ದದ್ದಕ್ಕೆ ಇವತ್ತಿಗೂ ಸಮಾಧಾನವಿದೆ.

ಗ್ರೀನ್ ಕಾರ್ಡ್ ಬಂದ ಮೇಲೆ ಕಾನೂನು ನಿಮಗೆ ಅವಕಾಶ ಕೊಡುತ್ತದೆ. ಆಗಲೂ ಟೆಕ್ಸಾಸ್‌ನಲ್ಲಿ ಲೈಸೆನ್ಸ್ ಕಡ್ಡಾಯವಲ್ಲ ಅಂತ ಬಿಡಬೇಡಿ, ಮಾಡಿಸಿ. ಶುಲ್ಕ 40 ಡಾಲರ್, ನಾಲ್ಕರಿಂದ ಆರು ಗಂಟೆ ಕ್ಲಾಸು, ಆಮೇಲೆ 50 ಗುಂಡಿನ ಪರೀಕ್ಷೆ. ಎಲ್ಲಿ ಒಯ್ಯಬಾರದು ಅನ್ನೋದನ್ನು ಆ ಕ್ಲಾಸಿನಲ್ಲಿ ಸರಿಯಾಗಿ ಕಲಿಸುತ್ತಾರೆ. ಬಾರಿನ ಬಾಗಿಲಲ್ಲಿ ಕೆಂಪಕ್ಷರದ 51 ಪರ್ಸೆಂಟ್ ಬೋರ್ಡು ಇದ್ದರೆ, ಅಂದರೆ ಅರ್ಧಕ್ಕಿಂತ ಹೆಚ್ಚು ಆದಾಯ ಅಲ್ಲೇ ಕುಡಿಯೋಕೆ ಮಾರುವ ಮದ್ಯದಿಂದ ಬರುವ ಜಾಗವಾದರೆ, ಒಳಗೆ ಒಯ್ಯುವಂತಿಲ್ಲ. ಸೋಶಿಯಲ್ ಸೆಕ್ಯುರಿಟಿ ಆಫೀಸಿಗೂ ಇಮಿಗ್ರೇಶನ್ ಆಫೀಸಿಗೂ ಇಲ್ಲ. ನೀವು ನೌಕರರಾಗಿದ್ದರೆ ಮಾಲೀಕರ ಮಾತೇ ಕೊನೆ, ಅವರು ಬೇಡ ಅಂದರೆ ಬೇಡ. ಟೆಕ್ಸಾಸ್‌ನಲ್ಲಿ 2011ರಿಂದ ಬಹಳ ಕಡೆ ನೌಕರರು ತಮ್ಮ ಕಾರಿನಲ್ಲಿ ಬೀಗ ಹಾಕಿ ಇಡಬಹುದು, ಅಷ್ಟೇ. ಊಬರ್ ಓಡಿಸುವವರು ಆ ಕಂಪನಿಯ ನಿಯಮ ಓದಿ, ಚಾಲಕರೂ ಒಯ್ಯಬಾರದು ಅಂತಲೇ ಇದೆ.

ಇಟ್ಟುಕೊಳ್ಳುವ ರೀತಿಯೂ ಮುಖ್ಯ. ಪಿಸ್ತೂಲು ಸಿಕ್ಕಿಸುವ ಒರೆ, ಅಂದರೆ ಹೋಲ್‌ಸ್ಟರ್, ಗಟ್ಟಿಯಿರಲಿ, ಟ್ರಿಗರ್ ಪೂರ್ತಿ ಮುಚ್ಚಿರಲಿ, ಬೆಲ್ಟು ದಪ್ಪ ಇರಲಿ. ಜೇಬಿಗೆ ಹಾಗೇ ತುರುಕಬೇಡಿ. ಮೊದಲ ವಾರದಲ್ಲೇ ನಾನು ಹಾಲಿನ ಕ್ರೇಟ್ ಎತ್ತೋಕೆ ಬಗ್ಗಿದಾಗ ಅಂಗಿ ಮೇಲೇರಿ ಪಿಸ್ತೂಲಿನ ಹಿಡಿ ಕಂಡಿತ್ತು. ಎದುರಿಗೆ ಮಗು ಎತ್ತಿಕೊಂಡು ನಿಂತಿದ್ದ ಹೆಣ್ಣುಮಗಳು ಎರಡು ಹೆಜ್ಜೆ ಹಿಂದೆ ಸರಿದಳು. ಆವತ್ತಿನಿಂದ ಅಂಗಿ ಒಂದು ಸೈಜ್ ದೊಡ್ಡದು, ಕ್ರೇಟ್ ಎತ್ತೋದು ಮಂಡಿಯೂರಿ.

ಪೊಲೀಸರು ಕಾರು ನಿಲ್ಲಿಸಿದರೆ ಇಳಿಯಬೇಡಿ. ನಮ್ಮ ರಾಯಲ್ ಸರ್ಕಲ್‌ನಲ್ಲಾದರೆ ನಾವೇ ಇಳಿದು ಹೋಗಿ "ಸರ್, ಸರ್" ಅಂತೀವಿ, ಅಲ್ಲಿ ಅದು ಅಪಾಯ. ಒಳಗಿನ ಲೈಟು ಹಾಕಿ, ಎರಡೂ ಕೈ ಸ್ಟೀರಿಂಗ್ ಮೇಲಿಡಿ. ಗುರುತಿನ ಚೀಟಿ ಕೇಳಿದರೆ ಪಿಸ್ತೂಲು ಲೈಸೆನ್ಸನ್ನೂ ಜೊತೆಗೇ ತೋರಿಸಿ, ಪಿಸ್ತೂಲು ಎಲ್ಲಿದೆ ಅಂತ ಬಾಯಲ್ಲಿ ಹೇಳಿ, ಕೈ ಆ ಕಡೆ ಹೋಗಬಾರದು.

ಕೊನೆಗೆ ಊರಿಗೆ ಬರುವ ವಿಷಯ, ಇದನ್ನು ಯಾರೂ ಹೇಳುವುದಿಲ್ಲ. ಗವಿಮಠದ ಜಾತ್ರೆಗೆ ಅಂತ ಒಂದು ವರ್ಷ ಹೊರಟಿದ್ದೆವು. ಹೆಂಡತಿ ಮಕ್ಕಳ ಬಟ್ಟೆ ತುಂಬೋಕೆ ನನ್ನ ಹಳೇ ಬ್ಯಾಗು ಮಂಚದ ಮೇಲೆ ಕೊಡವಿದಳು. ಪಕ್ಕದ ಜೇಬಿನಿಂದ ಒಂದು ಗುಂಡು ಟಣ್ ಅಂತ ಮಂಚದ ಕಟ್ಟಿಗೆಗೆ ಬಡಿದು ಬಿತ್ತು. ರೇಂಜಿಗೆ ಒಯ್ಯುತ್ತಿದ್ದ ಬ್ಯಾಗು, ಯಾವಾಗ ಉಳಿದಿತ್ತೋ. ನಮ್ಮ ದೇಶದಲ್ಲಿ 1959ರ ಆರ್ಮ್ಸ್ ಆ್ಯಕ್ಟ್ ಪ್ರಕಾರ ಲೈಸೆನ್ಸ್ ಇಲ್ಲದೆ ಒಂದು ಗುಂಡು ಇದ್ದರೂ ಕೇಸು. ಬೆಂಗಳೂರಿನಲ್ಲಿ ಇಳಿದು ಹಂಪಿ ಎಕ್ಸ್‌ಪ್ರೆಸ್ ಹತ್ತುವ ಬದಲು ಪೊಲೀಸ್ ಸ್ಟೇಷನ್‌ನಲ್ಲಿ ಕೂರಬೇಕಾಗುತ್ತಿತ್ತು. ಗೊತ್ತಿದ್ದೇ ಇಟ್ಟುಕೊಂಡಿದ್ದಾ ಅಂತ ಕೋರ್ಟು ನೋಡುತ್ತದೆ ನಿಜ, ಆದರೆ ಅಷ್ಟರಲ್ಲಿ ರಜೆ ಮುಗಿದು, ಕೆಲಸವೂ ಕೈ ತಪ್ಪಿರುತ್ತದೆ. ಆವತ್ತೇ ರೇಂಜಿನ ಬ್ಯಾಗಿನ ಹಿಡಿಗೆ ಹೆಂಡತಿ ಕೆಂಪು ದಾರ ಸುತ್ತಿಟ್ಟಳು, ಆ ಬ್ಯಾಗು ಮತ್ತೆ ಮನೆಯೊಳಗೆ ಬಂದಿಲ್ಲ, ಗ್ಯಾರೇಜಿನ ಮೊಳೆಗೇ ನೇತಾಡುತ್ತಿರುತ್ತದೆ.