ಹೃದಯದ ಮಾತ್ರೆ ನುಂಗುತ್ತಲೇ ತೂಕ ಇಳಿಸುವುದು ಹೇಗೆ?

ಸ್ಟೆಂಟ್ ಹಾಕಿಸಿಕೊಂಡವರಿಗೆ, ಬೈಪಾಸ್ ಆದವರಿಗೆ, ವರ್ಷಗಟ್ಟಲೆ ಬಿಪಿ ಮಾತ್ರೆ ತಿನ್ನುವವರಿಗೆ ಡಾಕ್ಟರು ಕೊನೆಗೆ ಹೇಳುವ ಮಾತು ಒಂದೇ: "ಸ್ವಲ್ಪ ತೂಕ ಇಳಿಸಿ." ಹೇಗೆ ಎಂದು ಕೇಳುವಷ್ಟರಲ್ಲಿ ಮುಂದಿನ ಪೇಷೆಂಟ್ ಒಳಗೆ ಬಂದಿರುತ್ತಾರೆ. ಮನೆಗೆ ಬಂದರೆ ಸಲಹೆಗಳಿಗೇನೂ ಬರವಿಲ್ಲ. ಒಬ್ಬರು ಅನ್ನ, ಚಪಾತಿ ಬಿಟ್ಟು ಕೊಬ್ಬು ಜಾಸ್ತಿ ತಿನ್ನುವ ಕೀಟೋ ಡಯಟ್ ಮಾಡಿ ಅನ್ನುತ್ತಾರೆ, ಇನ್ನೊಬ್ಬರು ದಿನಾ ನಾಲ್ಕು ಲೀಟರ್ ನೀರು ಕುಡಿಯಿರಿ ಅನ್ನುತ್ತಾರೆ. ಮತ್ತೊಬ್ಬರು ನುಗ್ಗೆಸೊಪ್ಪಿನ ಜ್ಯೂಸ್ ಹೇಳಿಕೊಡುತ್ತಾರೆ. ಆರೋಗ್ಯವಂತರಿಗೆ ಇವುಗಳಲ್ಲಿ ಕೆಲವು ಒಗ್ಗಬಹುದು. ಹೃದಯದ ಮಾತ್ರೆ ತೆಗೆದುಕೊಳ್ಳುವವರಿಗೆ ಈ ಮೂರರಲ್ಲಿ ಯಾವುದು ಬೇಕಾದರೂ ಆಸ್ಪತ್ರೆಯ ದಾರಿ ತೋರಿಸಬಹುದು.

ಹಾಗಂತ ತೂಕ ಇಳಿಸುವುದೇ ಬೇಡ ಎಂದಲ್ಲ. ಖಂಡಿತ ಇಳಿಸಬಹುದು. ಆದರೆ ನಿಮ್ಮ ಮಾತ್ರೆ ಯಾವುದು ಅನ್ನುವುದನ್ನು ನೋಡಿಕೊಂಡು ಇಳಿಸಬೇಕು.

ಮೊದಲು ಮಾತ್ರೆಗಳ ಪರಿಚಯ ಮಾಡಿಕೊಳ್ಳಿ

ಎಲ್ಲ ಸ್ಟ್ರಿಪ್‌ಗಳನ್ನೂ ಮೇಜಿನ ಮೇಲೆ ಹರಡಿ. ದೊಡ್ಡ ಅಕ್ಷರದಲ್ಲಿರುವುದು ಕಂಪನಿ ಇಟ್ಟ ಹೆಸರು. ಅದರ ಹತ್ತಿರ ಸಣ್ಣದಾಗಿ ಔಷಧದ ನಿಜವಾದ ಹೆಸರು ಇರುತ್ತದೆ. ಅದನ್ನು ಓದಿ, ಕಾಣದಿದ್ದರೆ ಮಕ್ಕಳ ಕೈಲಿ ಓದಿಸಿ. ಹೆಸರಿನ ಬಾಲ ನೋಡಿದರೆ ಜಾತಿ ಗೊತ್ತಾಗುತ್ತದೆ.

"ಲಾಲ್" ಎಂದು ಮುಗಿಯುವ ಮೆಟೊಪ್ರೊಲಾಲ್, ಅಟೆನೊಲಾಲ್, ಬಿಸೊಪ್ರೊಲಾಲ್ ಎಲ್ಲ ಬೀಟಾ ಬ್ಲಾಕರ್‌ಗಳು. ಇವು ಎದೆಬಡಿತವನ್ನು ನಿಧಾನ ಮಾಡುತ್ತವೆ. "ಪ್ರಿಲ್" ಮತ್ತು "ಸಾರ್ಟಾನ್" ಎಂದು ಮುಗಿಯುವವು, ಅಂದರೆ ರಾಮಿಪ್ರಿಲ್, ಟೆಲ್ಮಿಸಾರ್ಟಾನ್, ಲೋಸಾರ್ಟಾನ್ ತರಹದವು, ರಕ್ತನಾಳ ಸಡಿಲಿಸಿ ಬಿಪಿ ಇಳಿಸುತ್ತವೆ. "ಸ್ಟಾಟಿನ್" ಅಂದರೆ ಕೊಲೆಸ್ಟ್ರಾಲ್ ಮಾತ್ರೆ. "ಗ್ಲಿಫ್ಲೋಜಿನ್" ಇದ್ದರೆ ಅದು ಸಕ್ಕರೆಯನ್ನು ಮೂತ್ರದಲ್ಲಿ ಹೊರಹಾಕುವಂಥದ್ದು. ಶುಗರ್ ಇಲ್ಲದಿದ್ದರೂ ಹಾರ್ಟ್ ಫೇಲ್ಯೂರ್ (ಹೃದಯದ ಪಂಪ್ ಮಾಡುವ ಶಕ್ತಿ ಕುಂದಿರುವುದು) ಇರುವವರಿಗೆ ಈಗ ಇದನ್ನು ಕೊಡುತ್ತಾರೆ. ಲಾಸಿಕ್ಸ್, ಟೊರ್ಸೆಮೈಡ್ ಮುಂತಾದವು ನೀರು ಇಳಿಸುವ ಮಾತ್ರೆಗಳು.

"ರಕ್ತ ತೆಳು ಮಾಡುವ ಮಾತ್ರೆ" ಎಂದು ನಾವು ಕರೆಯುವುದರಲ್ಲಿ ಎರಡು ಬಗೆ ಇದೆ. ಆಸ್ಪಿರಿನ್, ಕ್ಲೊಪಿಡೊಗ್ರೆಲ್ ಒಂದು ಕಡೆ. ವಾರ್ಫರಿನ್, ಅಸಿಟ್ರಾಮ್ ಇನ್ನೊಂದು ಕಡೆ. ಎರಡನೇ ಬಗೆಯವರು ಆಗಾಗ ಐಎನ್‌ಆರ್ ಪರೀಕ್ಷೆ, ಅಂದರೆ ರಕ್ತ ಹೆಪ್ಪುಗಟ್ಟಲು ಎಷ್ಟು ಹೊತ್ತು ಹಿಡಿಯುತ್ತದೆಂದು ನೋಡುವ ಪರೀಕ್ಷೆ, ಮಾಡಿಸುತ್ತಾರೆ. ಊಟದ ಎಚ್ಚರ ಇವರಿಗೆ ಬೇರೆಯದೇ, ಮುಂದೆ ಹೇಳುತ್ತೇನೆ.

ಈ ಪಟ್ಟಿ ಹಿಡಿದು ಡಾಕ್ಟರ ಹತ್ತಿರ ಹೋಗಿ. "ನಾನು ತೂಕ ಇಳಿಸಲು ಹೊರಟಿದ್ದೇನೆ, ಎಷ್ಟು ನಡೆಯಬಹುದು, ದಿನಕ್ಕೆ ಎಷ್ಟು ನೀರು ಕುಡಿಯಬಹುದು, ಯಾವ ಮಾತ್ರೆಯ ಡೋಸ್ ಮುಂದೆ ಬದಲಾಗಬಹುದು" ಎಂದು ನೇರವಾಗಿ ಕೇಳಿ. ಈಚೆಗಷ್ಟೇ ಹಾರ್ಟ್ ಅಟ್ಯಾಕ್ ಅಥವಾ ಆಪರೇಷನ್ ಆಗಿದ್ದರೆ ಅವರು ಹೂಂ ಅನ್ನುವವರೆಗೆ ಕಾಯಿರಿ.

"ಈ ಮಾತ್ರೆಯಿಂದಲೇ ದಪ್ಪ ಆದೆ"

ಈ ದೂರಿನಲ್ಲಿ ಸ್ವಲ್ಪ ನಿಜ ಇದೆ. ಹಳೆಯ ಬೀಟಾ ಬ್ಲಾಕರ್‌ಗಳಿಂದ ಕೆಲವರ ತೂಕ ಏರುತ್ತದೆ. ಆದರೆ ಸರಾಸರಿ ನೋಡಿದರೆ ಅದು ಒಂದು, ಒಂದೂಕಾಲು ಕೆಜಿ ಅಷ್ಟೇ. ಅದೂ ಮೊದಲ ಕೆಲವು ತಿಂಗಳಲ್ಲಿ ಏರಿ ನಿಂತುಬಿಡುತ್ತದೆ. ಎಂಟು ಹತ್ತು ಕೆಜಿ ಏರಿದ್ದರೆ ಕಾರಣ ಬೇರೆ ಕಡೆ ಹುಡುಕಬೇಕು. ಕಾಯಿಲೆ ಬಂದ ಹೆದರಿಕೆಯಲ್ಲಿ ಓಡಾಟ ನಿಂತಿರುತ್ತದೆ. "ಪಾಪ, ಸುಸ್ತಾಗಿದ್ದಾರೆ" ಎಂದು ಮನೆಯವರು ತಟ್ಟೆ ತುಂಬಿಸಿರುತ್ತಾರೆ.

ಏನೇ ಆಗಲಿ, ಬೀಟಾ ಬ್ಲಾಕರ್ ಮಾತ್ರೆಯನ್ನು ನೀವಾಗಿಯೇ ನಿಲ್ಲಿಸಬೇಡಿ. ಇದನ್ನು ಎಷ್ಟು ಒತ್ತಿ ಹೇಳಿದರೂ ಸಾಲದು. ಒಮ್ಮೆಲೇ ಬಿಟ್ಟರೆ ಹಿಡಿದಿಟ್ಟಿದ್ದ ಎದೆಬಡಿತ ಜೋರಾಗಿ ಏರುತ್ತದೆ, ಎದೆನೋವು ಮರುಕಳಿಸಬಹುದು, ಹಾರ್ಟ್ ಅಟ್ಯಾಕ್ ಕೂಡ ಆಗಬಹುದು. ತೂಕದ ಚಿಂತೆ ಇದ್ದರೆ ಡಾಕ್ಟರಿಗೆ ಹೇಳಿ. ಕಾರ್ವೆಡಿಲಾಲ್, ನೆಬಿವೊಲಾಲ್‌ನಂಥ ಬೇರೆ ಮಾತ್ರೆಗಳಿಂದ ತೂಕ ಅಷ್ಟಾಗಿ ಏರುವುದಿಲ್ಲ. ನಿಮಗೆ ಅದು ಹೊಂದುತ್ತದೋ ಇಲ್ಲವೋ ಅವರೇ ಹೇಳಬೇಕು.

ಗುರಿ ಚಿಕ್ಕದಿರಲಿ

80 ಕೆಜಿ ಇರುವವರು 4 ಕೆಜಿ ಇಳಿಸಿದರೂ ಬಿಪಿ, ಶುಗರ್, ಟ್ರೈಗ್ಲಿಸರೈಡ್ (ರಕ್ತದಲ್ಲಿನ ಕೊಬ್ಬು) ಎಲ್ಲದರಲ್ಲೂ ವ್ಯತ್ಯಾಸ ಕಾಣುತ್ತದೆ. ವಾರಕ್ಕೆ ಅರ್ಧ ಕೆಜಿ ಇಳಿದರೆ ಧಾರಾಳ ಸಾಕು. ಸೊಂಟದ ಅಳತೆಯನ್ನೂ ಬರೆದಿಡಿ. ಭಾರತೀಯರಲ್ಲಿ ಗಂಡಸರಿಗೆ 90 ಸೆಂಟಿಮೀಟರ್, ಹೆಂಗಸರಿಗೆ 80 ಸೆಂಟಿಮೀಟರ್ ದಾಟಿದರೆ ಹೊಟ್ಟೆಯ ಬೊಜ್ಜು ಜಾಸ್ತಿ ಎಂದು ಲೆಕ್ಕ.

ತಕ್ಕಡಿ ತೋರಿಸುವುದೆಲ್ಲ ಕೊಬ್ಬಲ್ಲ

ಹಾರ್ಟ್ ಫೇಲ್ಯೂರ್ ಇರುವವರು, ನೀರಿನ ಮಾತ್ರೆ ತೆಗೆದುಕೊಳ್ಳುವವರು ಈ ಭಾಗವನ್ನು ದಯವಿಟ್ಟು ನಿಧಾನವಾಗಿ ಓದಿ.

ದಿನಾ ಬೆಳಿಗ್ಗೆ ಮೂತ್ರಕ್ಕೆ ಹೋಗಿ ಬಂದು, ತಿಂಡಿಗೆ ಮುಂಚೆ, ಹೆಚ್ಚುಕಡಿಮೆ ಒಂದೇ ಥರದ ಬಟ್ಟೆಯಲ್ಲಿ ತೂಕ ನೋಡಿ. ತಕ್ಕಡಿ ಗಟ್ಟಿ ನೆಲದ ಮೇಲಿರಲಿ, ಜಮಖಾನದ ಮೇಲೆ ಬೇಡ. ಕ್ಯಾಲೆಂಡರಿನ ಆ ದಿನದ ಚೌಕದಲ್ಲೇ ಬರೆದುಬಿಡಿ. ಒಂದೇ ದಿನದಲ್ಲಿ ಒಂದು ಕೆಜಿಗಿಂತ ಜಾಸ್ತಿ, ಅಥವಾ ಒಂದು ವಾರದಲ್ಲಿ ಎರಡು ಕೆಜಿಗಿಂತ ಜಾಸ್ತಿ ಏರಿದರೆ ಅದು ಹೆಚ್ಚಾಗಿ ನೀರು. ನಿನ್ನೆ ಮದುವೆ ಊಟದಲ್ಲಿ ಒಂದು ಹೋಳಿಗೆ ಜಾಸ್ತಿ ತಿಂದಿದ್ದಕ್ಕೆ ಇಷ್ಟು ಕೊಬ್ಬು ಕೂಡುವುದಿಲ್ಲ. ಆದರೆ ಅದೇ ಊಟದ ಉಪ್ಪು ಇಷ್ಟು ನೀರನ್ನು ಹಿಡಿದಿಡಬಲ್ಲದು.

ಕಣಕಾಲಿನ ಮೇಲೆ ಹೆಬ್ಬೆರಳಿನಿಂದ ಐದು ಸೆಕೆಂಡ್ ಒತ್ತಿ ನೋಡಿ. ಕೈ ತೆಗೆದ ಮೇಲೂ ಗುಳಿ ಹಾಗೇ ಉಳಿದರೆ ನೀರು ತುಂಬಿರಬಹುದು. ಮಲಗಿದರೆ ಉಸಿರು ಕಟ್ಟುತ್ತಿದ್ದರೆ, ಎರಡು ದಿಂಬು ಸಾಲದೆ ಮೂರು ಬೇಕಾಗುತ್ತಿದ್ದರೆ ಅದೂ ಲಕ್ಷಣವೇ. ಆಗ ಊಟ ಕಡಿಮೆ ಮಾಡುತ್ತಾ ಕೂರಬೇಡಿ, ಅವತ್ತೇ ಡಾಕ್ಟರಿಗೆ ಫೋನ್ ಮಾಡಿ.

ಇದಕ್ಕೆ ಉಲ್ಟಾ ಆಗುವುದೂ ಉಂಟು. ನೀರಿನ ಮಾತ್ರೆಯ ಡೋಸ್ ಜಾಸ್ತಿ ಮಾಡಿದಾಗ ಮೂರು ದಿನದಲ್ಲಿ ಎರಡು ಕೆಜಿ ಇಳಿಯುತ್ತದೆ. ಇಳಿದದ್ದು ನೀರು, ಕೊಬ್ಬಲ್ಲ. ತೂಕ ಇಳಿಯಲಿ ಎಂದು ಈ ಮಾತ್ರೆಯನ್ನು ಒಂದು ಜಾಸ್ತಿ ನುಂಗುವುದು ಅಪಾಯ. ಪೊಟ್ಯಾಸಿಯಮ್ ಕುಸಿದು ಎದೆಬಡಿತವೇ ಏರುಪೇರಾಗಬಹುದು. ಹಾಗೆಯೇ, ನಿಮಗೆ ದಿನಕ್ಕೆ ಇಷ್ಟೇ ನೀರು ಎಂದು ಡಾಕ್ಟರು ಮಿತಿ ಹಾಕಿದ್ದರೆ "ನೀರು ಕುಡಿದರೆ ತೂಕ ಇಳಿಯುತ್ತೆ" ಅನ್ನುವ ಮಾತು ನಿಮಗಲ್ಲ.

ತಟ್ಟೆಯಲ್ಲಿ ಏನು ಬದಲಾಗಬೇಕು

ಅನ್ನ ಬಿಟ್ಟು ಮುದ್ದೆಗೆ ಬಂದರೆ ತೂಕ ತಾನಾಗೇ ಇಳಿಯುತ್ತದೆ ಎಂದು ಬಹಳ ಜನ ನಂಬಿದ್ದಾರೆ. ನೂರು ಗ್ರಾಂ ರಾಗಿ ಹಿಟ್ಟಿನಲ್ಲೂ ನೂರು ಗ್ರಾಂ ಅಕ್ಕಿಯಲ್ಲೂ ಕ್ಯಾಲರಿ ಹತ್ತಿರಹತ್ತಿರ ಒಂದೇ, ಮುನ್ನೂರರ ಮೇಲೆ. ರಾಗಿಯಲ್ಲಿ ನಾರು ಜಾಸ್ತಿ, ಹೊಟ್ಟೆ ತುಂಬಿದ ಹಾಗೆ ಇರುತ್ತದೆ, ಅದು ಒಳ್ಳೆಯದೇ. ಆದರೆ ಎರಡು ದೊಡ್ಡ ಮುದ್ದೆ ಇಳಿಸಿ, ಮೇಲೆ ಅನ್ನವನ್ನೂ ಬಡಿಸಿಕೊಂಡರೆ ಲೆಕ್ಕ ಎಲ್ಲಿ ಕೂಡುತ್ತದೆ?

ತಟ್ಟೆಯ ಅರ್ಧ ಭಾಗ ಪಲ್ಯ, ಕೋಸಂಬರಿ, ಹಸಿ ತರಕಾರಿ ಇರಲಿ. ಕಾಲು ಭಾಗಕ್ಕೆ ಅನ್ನವೋ ಮುದ್ದೆಯೋ ಚಪಾತಿಯೋ ಯಾವುದಾದರೂ ಒಂದು. ಉಳಿದ ಕಾಲು ಭಾಗ ಬೇಳೆ, ಕಾಳು, ಮೊಟ್ಟೆಯ ಬಿಳಿ ಅಥವಾ ಮೀನು. ಮೊದಲು ಕೋಸಂಬರಿ, ಪಲ್ಯ ತಿಂದು ಆಮೇಲೆ ಅನ್ನಕ್ಕೆ ಕೈ ಹಾಕಿದರೆ ಎರಡನೇ ಸಲ ಬಡಿಸಿಕೊಳ್ಳುವ ಆಸೆ ಕಡಿಮೆಯಾಗುತ್ತದೆ.

ಎಣ್ಣೆಯ ವಿಷಯದಲ್ಲಿ ಚಮಚ ಲೆಕ್ಕ ಯಾರಿಗೂ ಬರುವುದಿಲ್ಲ. ಅದಕ್ಕೆ ತಿಂಗಳ ಲೆಕ್ಕ ಇಡಿ. ಒಬ್ಬರಿಗೆ ತಿಂಗಳಿಗೆ ಅರ್ಧ ಲೀಟರ್. ನಾಲ್ಕು ಜನರ ಮನೆಗೆ ಎರಡು ಲೀಟರ್. ತಿಂಗಳ ಕೊನೆಯೊಳಗೆ ಮುಗಿದರೆ ಒಗ್ಗರಣೆಯ ಕೈ ದೊಡ್ಡದಾಗಿದೆ ಎಂದರ್ಥ. ಕರಿದದ್ದು, ಬೇಕರಿಯ ಪಫ್, ಖಾರಾ ಬಿಸ್ಕತ್ತು ಈ ಲೆಕ್ಕದ ಹೊರಗೆ ಹೊಟ್ಟೆ ಸೇರುತ್ತವೆ, ಅವನ್ನು ಮರೆಯಬೇಡಿ. ದಿನಕ್ಕೆ ನಾಲ್ಕು ಕಾಫಿ, ಒಂದೊಂದಕ್ಕೆ ಎರಡು ಚಮಚ ಸಕ್ಕರೆ ಅಂದರೆ ಸಕ್ಕರೆಯಿಂದಲೇ ಸುಮಾರು 160 ಕ್ಯಾಲರಿ ಆಯಿತು.

ಇನ್ನು ಉಪ್ಪು. ವಿಶ್ವ ಆರೋಗ್ಯ ಸಂಸ್ಥೆ ಹೇಳುವ ಮಿತಿ ದಿನಕ್ಕೆ 5 ಗ್ರಾಂಗಿಂತ ಕಡಿಮೆ, ಅಂದರೆ ಹೆಚ್ಚೆಂದರೆ ಒಂದು ಟೀ ಚಮಚ. ಸಾರು, ಪಲ್ಯ, ಮಜ್ಜಿಗೆ, ಚಟ್ನಿಪುಡಿ, ಉಪ್ಪಿನಕಾಯಿ, ಹಪ್ಪಳ ಎಲ್ಲ ಸೇರಿ ಇಷ್ಟು. ಬೆಳಿಗ್ಗೆಯಿಂದ ಒಬ್ಬರಿಗಾಗುವ ಒಂದು ಚಮಚ ಉಪ್ಪನ್ನು ಪುಟ್ಟ ಬಟ್ಟಲಲ್ಲಿ ತೆಗೆದಿಟ್ಟು ಅದರಿಂದಲೇ ಅಡುಗೆಗೆ ಹಾಕಿ ನೋಡಿ. ಮಧ್ಯಾಹ್ನಕ್ಕೇ ಬಟ್ಟಲು ಖಾಲಿಯಾಗುವುದನ್ನು ಕಣ್ಣಾರೆ ಕಂಡರೆ ಯಾರ ಉಪದೇಶವೂ ಬೇಕಾಗುವುದಿಲ್ಲ. ಕೋಸಂಬರಿಗೆ ನಿಂಬೆರಸ ಜಾಸ್ತಿ ಹಿಂಡಿ, ಉಪ್ಪು ಬಿಡಿ. ಅನ್ನಕ್ಕೆ, ಚಪಾತಿ ಹಿಟ್ಟಿಗೆ ಉಪ್ಪು ಬೇಡವೇ ಬೇಡ.

ಒಳ್ಳೆಯದೆಂದು ತಿಂದದ್ದೇ ತೊಂದರೆಯಾದಾಗ

ಉಪ್ಪು ಬಿಡಬೇಕಲ್ವಾ ಎಂದು ಅಂಗಡಿಯಿಂದ "ಲೋ ಸೋಡಿಯಂ" ಉಪ್ಪು ತರುತ್ತೇವೆ. ಅದರಲ್ಲಿ ಸೋಡಿಯಂ ಕಡಿಮೆ ಮಾಡಿ ಪೊಟ್ಯಾಸಿಯಮ್ ಸೇರಿಸಿರುತ್ತಾರೆ. ಪ್ರಿಲ್, ಸಾರ್ಟಾನ್ ಅಥವಾ ಸ್ಪೈರೊನೊಲ್ಯಾಕ್ಟೋನ್ (ಇದು ಬೇರೆ ಬಗೆಯ ನೀರಿನ ಮಾತ್ರೆ) ತೆಗೆದುಕೊಳ್ಳುವವರ ದೇಹ ಮೊದಲೇ ಪೊಟ್ಯಾಸಿಯಮ್ ಹಿಡಿದಿಟ್ಟುಕೊಳ್ಳುತ್ತದೆ. ಕಿಡ್ನಿ ಸ್ವಲ್ಪ ದುರ್ಬಲವಾಗಿದ್ದರಂತೂ ಅಪಾಯ ಹೆಚ್ಚು. ಎಳನೀರಿಗೂ ಇದೇ ಮಾತು. ವಾಕಿಂಗ್ ಮುಗಿಸಿ ಪಾರ್ಕಿನ ಗೇಟಿನಲ್ಲಿ ದಿನಾ ಒಂದು ಎಳನೀರು ಕುಡಿಯುವ ಅಭ್ಯಾಸವಿದ್ದರೆ ಡಾಕ್ಟರಿಗೆ ತಿಳಿಸಿ, ಪೊಟ್ಯಾಸಿಯಮ್ ಪರೀಕ್ಷೆ ಮಾಡಿಸಿ.

ವಾರ್ಫರಿನ್, ಅಸಿಟ್ರಾಮ್‌ನವರು ಸೊಪ್ಪು ಬಿಡಬೇಕಾಗಿಲ್ಲ. ಆದರೆ ಸೊಪ್ಪಿನಲ್ಲಿರುವ ವಿಟಮಿನ್ ಕೆ ಈ ಮಾತ್ರೆಗೆ ಎದುರಾಗಿ ಕೆಲಸ ಮಾಡುತ್ತದೆ. ವಾರಕ್ಕೆರಡು ಸಲ ದಂಟಿನಸೊಪ್ಪು ತಿನ್ನುತ್ತಿದ್ದವರು ಇದ್ದಕ್ಕಿದ್ದಂತೆ ದಿನಾ ಪಾಲಕ್, ನುಗ್ಗೆಸೊಪ್ಪಿನ ಜ್ಯೂಸ್ ಶುರು ಮಾಡಿದರೆ ಐಎನ್‌ಆರ್ ಇಳಿಯುತ್ತದೆ, ರಕ್ತ ಹೆಪ್ಪುಗಟ್ಟುವ ಭಯ. ಇದ್ದಕ್ಕಿದ್ದಂತೆ ಊಟ, ಸೊಪ್ಪು ಎಲ್ಲ ಬಿಟ್ಟರೆ ಐಎನ್‌ಆರ್ ಏರಿ ರಕ್ತಸ್ರಾವದ ಭಯ. ಪ್ರತಿ ವಾರ ಹೆಚ್ಚುಕಡಿಮೆ ಅಷ್ಟೇ ಸೊಪ್ಪು ತಿನ್ನಿ. ಊಟದ ಕ್ರಮ ಬದಲಿಸಿದ ಮೇಲೆ ಐಎನ್‌ಆರ್ ಬೇಗನೆ ಇನ್ನೊಂದು ಸಲ ನೋಡಿಸಿ.

ನಮ್ಮ ದೇವನಹಳ್ಳಿಯ ಚಕ್ಕೋತದ ಬಗ್ಗೆಯೂ ಹೇಳಬೇಕು. ಗ್ರೇಪ್‌ಫ್ರೂಟ್ ಹಣ್ಣಿನ ರಸ ಅಟೊರ್ವಾಸ್ಟಾಟಿನ್, ಸಿಮ್ವಾಸ್ಟಾಟಿನ್ ಮಾತ್ರೆಗಳ ಪ್ರಮಾಣವನ್ನು ರಕ್ತದಲ್ಲಿ ಏರಿಸುತ್ತದೆ. ಚಕ್ಕೋತ ಅದರ ಹತ್ತಿರದ ಸಂಬಂಧಿ, ಅದೇ ಬಗೆಯ ಅಂಶ ಇದರಲ್ಲೂ ಇದೆ. ತೂಕ ಇಳಿಸಲು ದಿನಾ ಲೋಟಗಟ್ಟಲೆ ಇದರ ರಸ ಕುಡಿಯುವ ಯೋಚನೆ ಬೇಡ.

ಕೀಟೋ ಡಯಟ್ ಮತ್ತು ಕಟ್ಟುನಿಟ್ಟಿನ ಉಪವಾಸ ಡಾಪಾಗ್ಲಿಫ್ಲೋಜಿನ್, ಎಂಪಾಗ್ಲಿಫ್ಲೋಜಿನ್ ತೆಗೆದುಕೊಳ್ಳುವವರಿಗೆ, ಅದರಲ್ಲೂ ಶುಗರ್ ಇರುವವರಿಗೆ, ಸಲ್ಲದು. ರಕ್ತದಲ್ಲಿ ಆಮ್ಲ ತುಂಬಿಕೊಳ್ಳುವ ಗಂಭೀರ ಸ್ಥಿತಿ ಬರಬಹುದು. ಆಗ ಶುಗರ್ ರೀಡಿಂಗ್ ತೀರಾ ಜಾಸ್ತಿ ಇರಬೇಕೆಂದೇನೂ ಇಲ್ಲ. ಹಾಗಾಗಿ ಗೊತ್ತೇ ಆಗುವುದಿಲ್ಲ. ಇನ್ಸುಲಿನ್ ಅಥವಾ ಶುಗರ್ ಮಾತ್ರೆ ಗ್ಲಿಮೆಪಿರೈಡ್ ಜೊತೆಗೆ ಬೀಟಾ ಬ್ಲಾಕರ್ ಇದ್ದವರಿಗೆ ಇನ್ನೊಂದು ಎಚ್ಚರ. ಶುಗರ್ ಕುಸಿದಾಗ ಆಗುವ ನಡುಕ, ಎದೆ ಡವಡವ ಎರಡನ್ನೂ ಬೀಟಾ ಬ್ಲಾಕರ್ ಮುಚ್ಚಿಡುತ್ತದೆ. ಬೆವರು ಮಾತ್ರ ಬರುತ್ತದೆ. ಏಕಾದಶಿ, ಶ್ರಾವಣ ಶನಿವಾರ, ರಂಜಾನ್ ಉಪವಾಸ ಮಾಡುವವರು ಮೊದಲೇ ಡಾಕ್ಟರ ಹತ್ತಿರ ಡೋಸ್ ಮಾತಾಡಿಕೊಳ್ಳಿ.

ನಡಿಗೆ: ಗಡಿಯಾರ ನೋಡಿ, ನಾಡಿ ಬೇಡ

220ರಲ್ಲಿ ವಯಸ್ಸು ಕಳೆದು ಎದೆಬಡಿತದ ಗುರಿ ಇಟ್ಟುಕೊಳ್ಳುವ ಲೆಕ್ಕ ಬೀಟಾ ಬ್ಲಾಕರ್‌ನವರಿಗೆ ನಡೆಯುವುದಿಲ್ಲ. ಎಷ್ಟೇ ಬೀಸಾಗಿ ನಡೆದರೂ ಬಡಿತ ಅಲ್ಲಿಗೆ ಮುಟ್ಟುವುದಿಲ್ಲ. ಸ್ಮಾರ್ಟ್ ವಾಚ್ ನೋಡಿಕೊಂಡು ಇನ್ನೂ ಜೋರಾಗಿ ಓಡಲು ಹೋಗಬೇಡಿ. ಪಕ್ಕದವರ ಜೊತೆ ಮಾತಾಡಲು ಆಗಬೇಕು, ಹಾಡು ಹೇಳಲು ಆಗಬಾರದು. ಅಷ್ಟು ವೇಗ ಸಾಕು.

ಮೊದಲು ಹತ್ತು ನಿಮಿಷದಿಂದ ಶುರು ಮಾಡಿ. ವಾರ ವಾರ ಸ್ವಲ್ಪ ಹೆಚ್ಚಿಸುತ್ತಾ ವಾರಕ್ಕೆ ಒಟ್ಟು 150 ನಿಮಿಷಕ್ಕೆ ತನ್ನಿ. ಮೊದಲ ಐದು ನಿಮಿಷ, ಕೊನೆಯ ಐದು ನಿಮಿಷ ನಿಧಾನ ನಡಿಗೆ. ಬಿಪಿ ಮಾತ್ರೆಯವರು ಗಕ್ಕನೆ ನಿಂತರೆ ತಲೆ ಸುತ್ತಬಹುದು. ಊಟವಾದ ತಕ್ಷಣ ಬಿರುಸಿನ ನಡಿಗೆ ಬೇಡ. ಉಸಿರು ಬಿಗಿಹಿಡಿದು ಭಾರ ಎತ್ತುವುದೂ ಬೇಡ. ಕಪಾಲಭಾತಿಯಂಥ ರಭಸದ ಪ್ರಾಣಾಯಾಮಕ್ಕೆ ಡಾಕ್ಟರನ್ನು ಕೇಳಿ.

ಎದೆನೋವಿಗೆ ಸಾರ್ಬಿಟ್ರೇಟ್ ಮಾತ್ರೆ ಬರೆದುಕೊಟ್ಟಿದ್ದರೆ ಅದು ಜೇಬಿನಲ್ಲೇ ಇರಲಿ, ಮನೆಯ ಕಪಾಟಿನಲ್ಲಲ್ಲ. ಎದೆ ಹಿಂಡಿದಂತಾದರೆ ಕೂತುಕೊಂಡು ನಾಲಿಗೆಯ ಕೆಳಗಿಡಿ. ಐದು ನಿಮಿಷದಲ್ಲಿ ಕಡಿಮೆಯಾಗದಿದ್ದರೆ 108ಕ್ಕೆ ಕರೆ ಮಾಡಿ. "ಗ್ಯಾಸ್ ಇರಬಹುದು" ಎಂದು ಮನೆಯಲ್ಲಿ ಕೂರಬೇಡಿ.

ತೂಕ ಇಳಿಸುವ ಪುಡಿ, ಮಾತ್ರೆ, ಇಂಜೆಕ್ಷನ್

ಮೊಬೈಲಿನಲ್ಲಿ ಜಾಹೀರಾತು ನೋಡಿ ತರಿಸುವ ಪುಡಿಗಳ ಹತ್ತಿರ ಹೋಗಬೇಡಿ. ಸಿಬುಟ್ರಮೀನ್ ಎಂಬ ತೂಕ ಇಳಿಸುವ ಔಷಧ ಹಾರ್ಟ್ ಅಟ್ಯಾಕ್, ಸ್ಟ್ರೋಕ್ ಹೆಚ್ಚಿಸುತ್ತದೆಂದು 2010ರಲ್ಲಿ ಅಮೆರಿಕ, ಯುರೋಪಿನ ಮಾರುಕಟ್ಟೆಯಿಂದ ಹೊರಬಿತ್ತು, ಭಾರತದಲ್ಲೂ ನಿಷೇಧವಾಯಿತು. ಆಮೇಲೂ "ಗಿಡಮೂಲಿಕೆ" ಎಂದು ಮಾರುವ ಪುಡಿ, ಕ್ಯಾಪ್ಸೂಲ್‌ಗಳಲ್ಲಿ ಅದು ಕದ್ದು ಸೇರಿರುವುದು ಅಮೆರಿಕದ ಔಷಧ ಇಲಾಖೆಯ ಪರೀಕ್ಷೆಗಳಲ್ಲಿ ಮತ್ತೆ ಮತ್ತೆ ಸಿಕ್ಕಿದೆ. ಕಷಾಯಕ್ಕೆ ಜ್ಯೇಷ್ಠಮಧು ಜಾಸ್ತಿ ಹಾಕುವವರಿಗೂ ಒಂದು ಮಾತು: ಅದು ಬಿಪಿ ಏರಿಸುತ್ತದೆ, ಪೊಟ್ಯಾಸಿಯಮ್ ಇಳಿಸುತ್ತದೆ.

ಸೆಮಗ್ಲುಟೈಡ್ ಇಂಜೆಕ್ಷನ್ ಕಥೆ ಬೇರೆ. ಶುಗರ್ ಇಲ್ಲದ, ತೂಕ ಜಾಸ್ತಿ ಇರುವ 17,604 ಹೃದ್ರೋಗಿಗಳ ಮೇಲೆ ನಡೆದು 2023ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಹಾರ್ಟ್ ಅಟ್ಯಾಕ್, ಸ್ಟ್ರೋಕ್, ಹೃದಯದಿಂದಾಗುವ ಸಾವು ಒಟ್ಟಾರೆ ಶೇ 20ರಷ್ಟು ಕಡಿಮೆಯಾಯಿತು. ಕೆಲವರಿಗೆ ಇದು ನಿಜಕ್ಕೂ ಒಳ್ಳೆಯ ದಾರಿ. ಆದರೆ ವಾಂತಿ, ಹಸಿವಿಲ್ಲದಿರುವಿಕೆ ಮೊದಮೊದಲು ಸಾಮಾನ್ಯ. ನೀರಿನ ಮಾತ್ರೆ ಜೊತೆಗಿದ್ದರೆ ದೇಹ ಒಣಗುವ ಅಪಾಯವಿದೆ. ಡಾಕ್ಟರು ಬರೆದುಕೊಡದೆ ಮುಟ್ಟಬೇಡಿ.

ತೂಕ ಇಳಿದ ಮೇಲೆ

ಒಂದು ಕೆಜಿ ಇಳಿದರೆ ಮೇಲಿನ ಬಿಪಿ ಸುಮಾರು ಒಂದು ಪಾಯಿಂಟ್ ಇಳಿಯುತ್ತದೆ. ಆರೇಳು ಕೆಜಿ ಇಳಿಯುವ ಹೊತ್ತಿಗೆ ಹಳೆಯ ಡೋಸ್ ಜಾಸ್ತಿ ಆಗಿರಬಹುದು. ಹಾಸಿಗೆಯಿಂದ ಎದ್ದಾಗ ಕಣ್ಣು ಕತ್ತಲೆ ಬಂದರೆ, ಬಚ್ಚಲಿನಲ್ಲಿ ತೂರಾಡಿದಂತಾದರೆ ಬಿಪಿ ನೋಡಿಕೊಳ್ಳಿ. ಕೂತು ಒಂದು ಸಲ, ಎದ್ದು ನಿಂತು ಒಂದೆರಡು ನಿಮಿಷ ಬಿಟ್ಟು ಇನ್ನೊಂದು ಸಲ. ಎರಡನ್ನೂ ಬರೆದುಕೊಂಡು ಡಾಕ್ಟರಿಗೆ ತೋರಿಸಿ. "ತೂಕ ಇಳಿದಿದೆ, ಇನ್ನು ಮಾತ್ರೆ ಯಾಕೆ" ಎಂದು ನೀವೇ ಅರ್ಧ ಮಾಡಿಕೊಳ್ಳಬೇಡಿ. ಬಿಪಿ ಮಾತ್ರೆ ಕಡಿಮೆಯಾದರೂ ಸ್ಟಾಟಿನ್, ಆಸ್ಪಿರಿನ್ ಮುಂದುವರಿಯಬಹುದು, ಅವುಗಳ ಕೆಲಸ ಬೇರೆ.

ಏನೂ ಪ್ರಯತ್ನ ಮಾಡದೆ ತೂಕ ಇಳಿಯುತ್ತಾ ಹೋದರೆ, ತೋಳು ತೊಡೆ ಸೊರಗುತ್ತಿದ್ದರೆ ಸಂತೋಷಪಡಬೇಡಿ. ಹಾರ್ಟ್ ಫೇಲ್ಯೂರ್ ಇರುವವರಲ್ಲಿ ಅದು ಒಳ್ಳೆಯ ಸೂಚನೆಯಲ್ಲ.

ಡಾಕ್ಟರು ಡೋಸ್ ಬದಲಿಸಿದರೆ ಮುಂದಿನ ಎರಡು ವಾರ ದಿನಾ ಬಿಪಿ ಬರೆದಿಡಿ. ಪೊಟ್ಯಾಸಿಯಮ್, ಕ್ರಿಯಾಟಿನಿನ್ (ಕಿಡ್ನಿಯ) ಪರೀಕ್ಷೆ ಮತ್ತೆ ಯಾವಾಗ ಎಂದು ಕೇಳಿಕೊಂಡೇ ಹೊರಗೆ ಬನ್ನಿ.