ಬಾಟಲಿ ಓದಿ, ಆಮೇಲೆ ಬಾತ್‌ರೂಮ್ ತೊಳೆಯಿರಿ

ಬಾತ್‌ರೂಮ್ ತೊಳೆಯುವ ಬಾಟಲಿಯನ್ನು ನಾವು ಬಣ್ಣ, ವಾಸನೆ ನೋಡಿ ಕೊಳ್ಳುತ್ತೇವೆ. ಹಿಂಬದಿಯ ಸಣ್ಣಕ್ಷರ ಓದುವುದು ಕಡಿಮೆ. ಅದು ಹೆಚ್ಚಾಗಿ ಇಂಗ್ಲಿಷಿನಲ್ಲೇ ಇರುತ್ತದೆ, ನಿಜ. ಆದರೆ ಕೆಲವೇ ಪದ ಗೊತ್ತಾದರೂ ಸಾಕು, ದುಡ್ಡೂ ಉಳಿಯುತ್ತದೆ, ಅಪಾಯವೂ ತಪ್ಪುತ್ತದೆ.

ಮೊದಲು ಬಾಟಲಿ ಯಾವ ಕೆಲಸದ್ದು ಅಂತ ನೋಡಿ. 'ಡಿಟರ್ಜೆಂಟ್' ಜಿಡ್ಡು, ಕೊಳೆ ಬಿಡಿಸುತ್ತದೆ. 'ಡಿಸ್‌ಇನ್ಫೆಕ್ಟೆಂಟ್' ರೋಗಾಣು ಕೊಲ್ಲುತ್ತದೆ. 'ಡಿಸ್ಕೇಲರ್' ಅಂದರೆ ಬೋರ್‌ವೆಲ್ ನೀರಿನಿಂದ ನಲ್ಲಿ, ಬಕೆಟ್ ಮೇಲೆ ಕೂರುವ ಬಿಳಿ ಕಲೆಯನ್ನು ಕರಗಿಸುವಂಥದ್ದು. ಆ ಕಲೆಗೆ ಸೋಪು ಹಾಕಿ ಎಷ್ಟು ಉಜ್ಜಿದರೂ ಹೋಗುವುದಿಲ್ಲ, ಅದಕ್ಕೆ ಹುಳಿ ಬೇಕು. ಸಣ್ಣ ಕಲೆಯಾದರೆ ನಿಂಬೆರಸವೇ ಸಾಕು. ಆದರೆ ಮಾರ್ಬಲ್ ನೆಲಕ್ಕೆ ಹುಳಿ ಯಾವುದೂ ಬೇಡ. ಆ ಕಲ್ಲೂ ಬಿಳಿ ಕಲೆಯ ಜಾತಿಯದ್ದೇ, ಕಲೆಯ ಜೊತೆ ಹೊಳಪೂ ಹೋಗುತ್ತದೆ.

ಬರೀ 'ಕ್ಲೀನರ್' ಅಂತಿದ್ದರೆ ಅಷ್ಟಕ್ಕೇ ನಂಬಬೇಡಿ. ಒಳಗೇನಿದೆ ಅಂತ ಹುಡುಕಿ. ಕಮೋಡ್ ತೊಳೆಯುವ ಎಷ್ಟೋ ಬಾಟಲಿಗಳಲ್ಲಿ 'ಹೈಡ್ರೋಕ್ಲೋರಿಕ್ ಆಸಿಡ್' ಇರುತ್ತದೆ. ಬ್ಲೀಚ್‌ನಲ್ಲಿ 'ಸೋಡಿಯಂ ಹೈಪೋಕ್ಲೋರೈಟ್' ಇರುತ್ತದೆ. ಇವೆರಡನ್ನೂ ಯಾವತ್ತೂ ಒಟ್ಟಿಗೆ ಸುರಿಯಬೇಡಿ. ಬ್ಲೀಚಿಂಗ್ ಪೌಡರ್ ಮತ್ತು ಆಸಿಡ್ ಕೂಡ ಹಾಗೇ. ಸೇರಿದರೆ ಕ್ಲೋರಿನ್ ಅನಿಲ ಏಳುತ್ತದೆ. ಕಿಟಕಿ ಮುಚ್ಚಿದ ಸಣ್ಣ ಬಾತ್‌ರೂಮಿನಲ್ಲಿ ಅದು ಪ್ರಾಣಕ್ಕೇ ಕುತ್ತು. ಜಾಸ್ತಿ ಬೆಳ್ಳಗಾಗಲಿ ಅಂತ ಎರಡೂ ಬೆರೆಸುವ ಅಭ್ಯಾಸ ಎಷ್ಟೋ ಮನೆಗಳಲ್ಲಿದೆ, ದಯವಿಟ್ಟು ಬಿಟ್ಟುಬಿಡಿ. ಮನೆಕೆಲಸಕ್ಕೆ ಬರುವವರಿಗೂ ಬಾಟಲಿ ತೋರಿಸಿ ಹೇಳಿ, ಆ ಗಾಳಿ ಕುಡಿಯುವವರು ಅವರೇ ಅಲ್ವಾ? ಕಣ್ಣುರಿ, ಕೆಮ್ಮು ಶುರುವಾದರೆ ಎಲ್ಲ ಬಿಟ್ಟು ಹೊರಗೆ ಬನ್ನಿ. ಉಸಿರಾಟ ಕಷ್ಟವಾದರೆ ಆಸ್ಪತ್ರೆಗೆ ಹೋಗಿ.

ಇನ್ನು ತೊಳೆಯುವ ಕ್ರಮ. ಕೈಗವಸು ಹಾಕಿ, ಕಿಟಕಿ ತೆಗೆಯಿರಿ. 'ಸ್ಕ್ರಬ್' ಅಂದರೆ ಉಜ್ಜಿ, 'ರಿನ್ಸ್' ಅಂದರೆ ನೀರು ಹಾಕಿ ಪೂರ್ತಿ ತೊಳೆಯಿರಿ. ರೋಗಾಣುನಾಶಕದ ಸರದಿ ಇದಾದ ಮೇಲೆ. ಕೊಳೆಯ ಮೇಲೆ ಅದನ್ನು ಸುರಿದರೆ ಅರ್ಧ ಶಕ್ತಿ ಕೊಳೆಗೇ ಖರ್ಚಾಗುತ್ತದೆ.

'ಡೈಲ್ಯೂಟ್' ಅಂತಿದ್ದರೆ ನೀರು ಬೆರೆಸಿ. ರೋಗಾಣು ಕೊಲ್ಲಲು 2020ರ ಕೊರೊನಾ ಕಾಲದಲ್ಲಿ ಕೇಂದ್ರ ಆರೋಗ್ಯ ಸಚಿವಾಲಯ ಹೇಳಿದ್ದು 1 ಶೇಕಡಾ ಹೈಪೋಕ್ಲೋರೈಟ್ ಇರುವ ಬ್ಲೀಚ್ ನೀರು. ನಿಮ್ಮ ಬಾಟಲಿ 5 ಶೇಕಡಾದ್ದಾದರೆ, 1 ಲೋಟ ಬ್ಲೀಚ್‌ಗೆ 4 ಲೋಟ ನೀರು. ತಣ್ಣೀರೇ ಇರಲಿ, ಬಿಸಿನೀರಿಗೆ ಬ್ಲೀಚ್ ಬೇಗ ಸತ್ವ ಕಳೆದುಕೊಳ್ಳುತ್ತದೆ. ಬೆರೆಸಿದ್ದನ್ನು ನಾಳೆಗೆ ಇಡಬೇಡಿ.

ನಾವೆಲ್ಲ ಲೆಕ್ಕಕ್ಕೇ ತೆಗೆದುಕೊಳ್ಳದ ಪದ 'ಕಾಂಟ್ಯಾಕ್ಟ್ ಟೈಮ್'. 10 ನಿಮಿಷ ಅಂತ ಬರೆದಿದ್ದರೆ ಅಷ್ಟು ಹೊತ್ತು ಆ ಜಾಗ ಒದ್ದೆಯಾಗಿಯೇ ಇರಬೇಕು. ಹಾಕಿದ ತಕ್ಷಣ ಒರೆಸಿದರೆ ಉಳಿಯುವುದು ವಾಸನೆ ಮಾತ್ರ.

ಕೆಲಸ ಮುಗಿದ ಮೇಲೆ ಮುಚ್ಚಳ ಬಿಗಿಮಾಡಿ ಮಕ್ಕಳ ಕೈಗೆ ಸಿಗದ ಕಡೆ ಇಡಿ. ಉಳಿದದ್ದನ್ನು ಜ್ಯೂಸಿನ ಖಾಲಿ ಬಾಟಲಿಗೆ ಮಾತ್ರ ಸುರಿದಿಡಬೇಡಿ.