ಬಿ.ಎಡ್. ಕಾಲೇಜಿನ ಮಾನ್ಯತೆ ರದ್ದಾದರೆ ಅಪೀಲು ಹಾಕುವುದು ಹೇಗೆ?

ಬಿ.ಎಡ್. ಕಾಲೇಜುಗಳಿಗೆ ಮಾನ್ಯತೆ ಕೊಡುವ ಎನ್‌ಸಿಟಿಇಯಿಂದ (ರಾಷ್ಟ್ರೀಯ ಶಿಕ್ಷಕರ ಶಿಕ್ಷಣ ಪರಿಷತ್ತು) ಮಾನ್ಯತೆ ರದ್ದಿನ ಆದೇಶ ಬಂತೆಂದರೆ ಮಂಗಳೂರು, ಉಡುಪಿ ಕಡೆಯ ಆಡಳಿತ ಮಂಡಳಿಯವರು ಮೊದಲು ಶಾಸಕರಿಗೆ ಫೋನ್ ಮಾಡುತ್ತಾರೆ. ಆಮೇಲೆ ದೆಹಲಿಯಲ್ಲಿ 'ನಮ್ಮ ಜನ' ಯಾರಿದ್ದಾರೆ ಎಂದು ಹುಡುಕುತ್ತಾರೆ. ಎರಡೂ ದಂಡ. ಮೊದಲು ಆದೇಶದ ತಾರೀಕು ನೋಡಿ.

ಅಪೀಲಿಗೆ ಇರುವುದು 60 ದಿನ. ಆದೇಶ ಹೊರಟ ದಿನದಿಂದಲೇ ಎಣಿಸಿಕೊಳ್ಳಿ, ನಿಮ್ಮ ಕೈಸೇರಿದ ದಿನದಿಂದಲ್ಲ. ಎಷ್ಟೋ ಸಲ ಇ-ಮೇಲ್ ಹಳೇ ಪ್ರಿನ್ಸಿಪಾಲರ ಐಡಿಗೆ ಹೋಗಿ ಅಲ್ಲೇ ಕೂತಿರುತ್ತದೆ. ತಡವಾದರೆ ಸರಿಯಾದ ಕಾರಣ ಕೊಟ್ಟು ಕೇಳಿಕೊಳ್ಳಬಹುದು, ಆದರೆ ಅದನ್ನು ನೆಚ್ಚಿಕೊಳ್ಳಬೇಡಿ.

ರದ್ದು ಮಾಡಿದ ಎನ್‌ಸಿಟಿಇಯ ದಕ್ಷಿಣ ಪ್ರಾದೇಶಿಕ ಸಮಿತಿಗೇ 'ಮರುಪರಿಶೀಲಿಸಿ' ಎಂದು ಪತ್ರ ಬರೆದು ಸುಮ್ನೆ ದಿನ ಕಳೆಯುವವರಿದ್ದಾರೆ. 1993ರ ಎನ್‌ಸಿಟಿಇ ಕಾಯ್ದೆಯ 18ನೇ ಕಲಮಿನಂತೆ ಅಪೀಲು ಹೋಗಬೇಕಾದದ್ದು ನೇರ ಪರಿಷತ್ತಿಗೆ, ಶುಲ್ಕ ಮತ್ತು ಆದೇಶದ ಪ್ರತಿಯ ಜೊತೆ.

ಮಕ್ಕಳು ಗಾಬರಿಯಾಗಿ ಟಿಸಿ ಕೇಳಿದರೆ 17ನೇ ಕಲಂ ತೋರಿಸಿ: ಆದೇಶ ತಲುಪಿದ ಮೇಲೆ ಬರುವ ಶೈಕ್ಷಣಿಕ ವರ್ಷ ಮುಗಿದ ನಂತರವೇ ರದ್ದು ಜಾರಿಗೆ ಬರುತ್ತದೆ.

ಎಲ್ಲರೂ ಎಡವುವುದು ಅಪೀಲಿನ ಆಧಾರಗಳನ್ನು ಬರೆಯುವಾಗ. 'ಬಡ ಮಕ್ಕಳ ಸೇವೆ ಮಾಡುತ್ತಿದ್ದೇವೆ' ಎಂದು ಎರಡು ಪುಟ ತುಂಬಿಸುತ್ತಾರೆ. ಅದನ್ನು ಯಾರು ಕೇಳಿದರು? ಆದೇಶದಲ್ಲಿರುವ ಕೊರತೆಗಳಿಗೆ ಅದೇ ಕ್ರಮದಲ್ಲಿ ಉತ್ತರ ಕೊಡಿ. ಅವರು ಹೇಳಿದ್ದೇನು, ನಮ್ಮಲ್ಲಿರುವುದೇನು, ದಾಖಲೆ ಎಷ್ಟನೇ ಪುಟದಲ್ಲಿದೆ, ಇಷ್ಟೇ ಸಾಕು. ಬೇರೆ ಕಾಲೇಜಿನ ಅಪೀಲು ನಕಲು ಮಾಡಬೇಡಿ. ನಡುವೆಲ್ಲೋ ಅವರ ಹೆಸರು ಉಳಿದಿರುತ್ತದೆ.

ಸಿಬ್ಬಂದಿ ಪಟ್ಟಿಗೆ ಪ್ರಿನ್ಸಿಪಾಲರ ಸಹಿ ಸಾಲದು, ವಿಶ್ವವಿದ್ಯಾಲಯದ ರಿಜಿಸ್ಟ್ರಾರ್ ಅನುಮೋದನೆ ಬೇಕು. ಎನ್‌ಸಿಟಿಇಯ 2014ರ ನಿಯಮಾವಳಿಯಂತೆ ಎರಡೂ ವರ್ಷ ಸೇರಿ 200 ವಿದ್ಯಾರ್ಥಿಗಳಿರುವ ಕಾಲೇಜಿಗೆ 16 ಬೋಧಕರು. ಕಾಲೇಜು ಅದೇ ನಿಯಮಾವಳಿಯಂತೆ ಇಡಬೇಕಾದ 5 ಲಕ್ಷ, 7 ಲಕ್ಷದ ಎರಡು ಎಫ್‌ಡಿ (ದತ್ತಿನಿಧಿ, ಮೀಸಲು ನಿಧಿ) ರಿನ್ಯೂ ಆಗಿವೆಯಾ ನೋಡಿ.

ನಮ್ಮ ಕಡೆ ತಲೆನೋವು ಜಾಸ್ತಿ ಜಾಗದ್ದು. ಮಾನ್ಯತೆ ಸಿಕ್ಕಾಗ ಸರ್ವೆ ನಂಬರ್ 45/2 ಇತ್ತು ಅಂದುಕೊಳ್ಳಿ. ಪೋಡಿಯಾದ ಮೇಲೆ, ಅಂದರೆ ಸರ್ವೆ ನಂಬರ್ ಅಳೆದು ಭಾಗ ಮಾಡಿದ ಮೇಲೆ, ಆರ್‌ಟಿಸಿಯಲ್ಲಿ (ಪಹಣಿ) 45/2ಎ ಆಗಿರುತ್ತದೆ. ದೆಹಲಿಯಲ್ಲಿ ಕೂತು ಫೈಲು ನೋಡುವವರಿಗೆ ಅದು ಬೇರೆಯೇ ಜಾಗ! ಪೋಡಿ ನಕ್ಷೆ ಲಗತ್ತಿಸಿ, ಎರಡೂ ಒಂದೇ ಜಾಗ ಎಂದು ಬಿಡಿಸಿ ಬರೆಯಿರಿ. ಕಟ್ಟಡದ ಕಂಪ್ಲೀಷನ್ ಸರ್ಟಿಫಿಕೇಟ್, ಜಮೀನಿನ ಕನ್ವರ್ಷನ್ ಆದೇಶ, ಇಸಿ (ಋಣಭಾರ ಪ್ರಮಾಣಪತ್ರ) ಮೂರರಲ್ಲೂ ನಂಬರ್ ತಾಳೆ ನೋಡಿ. ಜಾಗ ಟ್ರಸ್ಟಿನ ಹೆಸರಲ್ಲಿದೆಯೋ ಅಧ್ಯಕ್ಷರ ಹೆಸರಲ್ಲಿದೆಯೋ ಅದನ್ನೂ ನೋಡಿ. ಕನ್ನಡದ ದಾಖಲೆಗಳಿಗೆಲ್ಲ ನೋಟರಿ ಮಾಡಿಸಿದ ಇಂಗ್ಲಿಷ್ ಅನುವಾದ ಇರಲಿ.

ಸ್ಕ್ಯಾನ್ ಅಂಗಡಿಯಲ್ಲೇ ಮಾಡಿಸಿ. ಮೊಬೈಲಿನ ಪುಕ್ಕಟೆ ಆ್ಯಪ್‌ಗಳು ಪ್ರತಿ ಪುಟದಡಿಯಲ್ಲಿ ತಮ್ಮ ಹೆಸರು ಒತ್ತುತ್ತವೆ, ಸೀಲು ಮಸಿಯಾಗಿ ಕಾಣುತ್ತದೆ.

ವಿಚಾರಣೆಗೆ ಫೈಲು ಗೊತ್ತಿರುವವರು ಹೋಗಲಿ, ಅಧ್ಯಕ್ಷರೇ ಆಗಬೇಕೆಂದಿಲ್ಲ. ಪ್ರಕರಣ ಮತ್ತೆ ಪ್ರಾದೇಶಿಕ ಸಮಿತಿಗೆ ವಾಪಸ್ ಬಂದರೆ ಅದೇ ದಾಖಲೆ ಅಲ್ಲಿಗೂ ಕೊಡಬೇಕು, ಒಂದು ಸೆಟ್ ಇಟ್ಟುಕೊಂಡಿರಿ. ಅಪೀಲು ಬಿದ್ದುಹೋದರೆ ಉಳಿಯುವುದು ಹೈಕೋರ್ಟಿನ ರಿಟ್. ಅದಕ್ಕೆ ವಕೀಲರನ್ನು ಹಿಡಿಯಿರಿ.